ಕಾಯುವ ಕಾಲದ ಕೆಲಸ: ಪಿಎಚ್‌.ಡಿ.ಗೆ ಹೊರಟವರಿಗೆ ಹನ್ನೆರಡು ಪಾಠಗಳು

ಪಿಎಚ್‌.ಡಿ. ಎಂದರೆ ಓದು, ಬರಹ, ತಿರುಗಾಟ ಅಂದುಕೊಂಡು ಬರುವವರಿಗೆ ಮೊದಲ ವರ್ಷದಲ್ಲೇ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಇದರಲ್ಲಿ ಕಾಯುವುದೇ ಹೆಚ್ಚು. ಪ್ರವೇಶದ ಅಧಿಸೂಚನೆಗೆ ಕಾಯಬೇಕು, ಸಂದರ್ಶನದ ಪಟ್ಟಿಗೆ ಕಾಯಬೇಕು, ಗೈಡ್ ಓದಿ ಕೊಡಬೇಕಾದ ಅಧ್ಯಾಯಕ್ಕೆ, ಸಮಿತಿಯ ಸಭೆಗೆ, ಫೆಲೋಶಿಪ್ಪಿನ ಕಂತಿಗೆ, ಪರೀಕ್ಷಕರ ವರದಿಗೆ, ವೈವಾ ತಾರೀಖಿಗೆ ಕಾಯಬೇಕು. ಡಾಕ್ಟರೇಟ್ ಕೈಗೆ ಬಂದ ಮೇಲೆ ನೇಮಕಾತಿಗೆ ಕಾಯುವುದು ಇದ್ದೇ ಇದೆ. ಯುಜಿಸಿಯ 2022ರ ನಿಯಮಾವಳಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎನ್ನುತ್ತದೆ. ಮರುನೋಂದಣಿ ಮಾಡಿಸಿದರೆ ಮತ್ತೆರಡು ವರ್ಷ ಸಿಗಬಹುದು. ನಾನು ನೋಡಿದಂತೆ, ನಾಲ್ಕು ವರ್ಷದಲ್ಲಿ ಮುಗಿಸಿದವರಿಗೂ ಏಳೆಂಟು ವರ್ಷ ಎಳೆದವರಿಗೂ ಬುದ್ಧಿಯಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಬೇಗ ಮುಗಿಸಿದವರು ಬೇರೆಯವರ ಸಹಿಗೆ ಕಾಯುತ್ತಿದ್ದಾಗಲೂ ತಮ್ಮ ಕೆಲಸ ನಿಲ್ಲಿಸಲಿಲ್ಲ, ಅಷ್ಟೇ.

ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡುತ್ತ, ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಲಾ ವಿಭಾಗದವರಿಗೆ ಇದು ಹೆಚ್ಚು ಹೊಂದುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು.

1. ಪರೀಕ್ಷೆಯ ಓದು ಎಂ.ಎ. ಮುಗಿಯುವ ಮೊದಲೇ ಶುರುವಾಗಲಿ

ನೆಟ್ ಪರೀಕ್ಷೆಗೂ ಕೆ-ಸೆಟ್‌ಗೂ ಎಂ.ಎ. ಅಂತಿಮ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬಹುದು. ಆದರೂ ಹೆಚ್ಚಿನವರು ಫಲಿತಾಂಶ ಬಂದು, ಊರಿಗೆ ಹೋಗಿ, ಒಂದು ವರ್ಷ ಕಳೆದು ಆಮೇಲೆ ಪುಸ್ತಕ ತೆಗೆಯುತ್ತಾರೆ. ನೆಟ್ ಮೂಲಕ ಸಿಗುವ ಜೆಆರ್‌ಎಫ್ ಫೆಲೋಶಿಪ್ಪಿಗೆ ಸಾಮಾನ್ಯ ವರ್ಗಕ್ಕೆ 30 ವರ್ಷದ ಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಐದು ವರ್ಷದ ಸಡಿಲಿಕೆ ಇದ್ದರೂ ವಯಸ್ಸು ನಿಲ್ಲುವುದಿಲ್ಲ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಮಾತ್ರ ಇಂಥ ವಯೋಮಿತಿ ಇಲ್ಲ.

ಎರಡೂ ಪರೀಕ್ಷೆಗಳ ವ್ಯತ್ಯಾಸ ಗೊತ್ತಿರಲಿ. ನೆಟ್ ದೇಶದ ಎಲ್ಲ ಕಡೆ ನಡೆಯುತ್ತದೆ, ಫೆಲೋಶಿಪ್ಪಿನ ದಾರಿ ತೆರೆಯುತ್ತದೆ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಕೆ-ಸೆಟ್ ಕನ್ನಡದಲ್ಲೂ ಇರುತ್ತದೆ. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರಿಂದ ರಾಜ್ಯದೊಳಗೆ ಪಾಠ ಮಾಡುವ ಅರ್ಹತೆ ಬರುತ್ತದೆಯೇ ಹೊರತು ಫೆಲೋಶಿಪ್ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಕೆ-ಸೆಟ್ ಸಾಕು ಎಂದು ಕೂರದೆ ಎರಡಕ್ಕೂ ಒಟ್ಟಿಗೆ ಓದಬೇಕು. ಪಠ್ಯಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲ ಪತ್ರಿಕೆಯನ್ನು ತಾತ್ಸಾರ ಮಾಡಬೇಡಿ. ಹತ್ತು ಘಟಕ, 50 ಪ್ರಶ್ನೆ, 100 ಅಂಕ. ನಮ್ಮ ಕಲಾ ವಿಭಾಗದ ಮಕ್ಕಳು ಗಣಿತ, ತರ್ಕ, ದತ್ತಾಂಶ ವಿಶ್ಲೇಷಣೆ ಎಂದ ಕೂಡಲೇ ಪುಟ ತಿರುಗಿಸಿಬಿಡುತ್ತಾರೆ. ಹತ್ತನೇ ತರಗತಿಯ ಶೇಕಡಾವಾರು ಲೆಕ್ಕ, ಅನುಪಾತ ಬಂದರೆ ಅಲ್ಲಿನ ಅಂಕಗಳು ನಿಮ್ಮವೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. 2024ರ ಜೂನ್ ಆವೃತ್ತಿಯಿಂದ ನೆಟ್ ಅಂಕ ಪಿಎಚ್‌.ಡಿ. ಪ್ರವೇಶಕ್ಕೂ ಲೆಕ್ಕಕ್ಕೆ ಬರುತ್ತದೆ: ಜೆಆರ್‌ಎಫ್ ಸಿಗದವರಿಗೆ ಶೇ. 70ರಷ್ಟು ನೆಟ್ ಅಂಕ, ಶೇ. 30ರಷ್ಟು ಸಂದರ್ಶನ. ಅವರಿಗೆ ಈ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳೂ ಇವೆ, ಅವುಗಳ ಅಧಿಸೂಚನೆಯ ಮೇಲೂ ಕಣ್ಣಿಟ್ಟಿರಿ.

2. ವಿಷಯ ಇಟ್ಟುಕೊಂಡು ಬರಬೇಡಿ, ಪ್ರಶ್ನೆ ಇಟ್ಟುಕೊಂಡು ಬನ್ನಿ

ಪ್ರತಿ ವರ್ಷ ಈ ಮಾತುಕತೆ ನನ್ನ ಕೋಣೆಯಲ್ಲಿ ನಡೆಯುತ್ತದೆ.

“ಏನಮ್ಮಾ, ಯಾವುದರ ಮೇಲೆ ಮಾಡ್ಬೇಕು ಅಂತಿದ್ದೀಯ?”

“ಕೆರೆಗಳ ಮೇಲೆ, ಸರ್. ಕೋಲಾರ ಜಿಲ್ಲೆಯ ಕೆರೆಗಳು.”

“ಕೆರೆಗಳ ಬಗ್ಗೆ ಏನು ನೋಡ್ತೀಯ?”

“ಎಲ್ಲಾನೂ, ಸರ್.”

ಎಲ್ಲವನ್ನೂ ನೋಡುವವರು ಕೊನೆಗೆ ಯಾವುದನ್ನೂ ನೋಡಿರುವುದಿಲ್ಲ. ‘ಒಂದು ಅಧ್ಯಯನ’, ‘ಒಂದು ಅವಲೋಕನ’ ಎಂದು ಮುಗಿಯುವ ಶೀರ್ಷಿಕೆಗಳಲ್ಲಿ ಹೆಚ್ಚಿನವು ಈ ಜಾತಿಯವು. ಮೊದಲ ಅಧ್ಯಾಯದಲ್ಲಿ ಜಿಲ್ಲೆಯ ಭೌಗೋಳಿಕ ಪರಿಚಯ, ಎರಡನೆಯದರಲ್ಲಿ ರಾಜಮನೆತನಗಳ ಪಟ್ಟಿ, ಮೂರನೆಯದರಲ್ಲಿ ಕೆರೆಗಳ ಪಟ್ಟಿ, ಕೊನೆಗೆ ‘ಕೆರೆಗಳನ್ನು ಉಳಿಸಬೇಕು’ ಎಂಬ ಉಪದೇಶ. ಇಂಥದ್ದಕ್ಕೆ ಐದು ವರ್ಷ ಯಾಕೆ ಬೇಕು?

ಅದೇ ಕೆರೆಯ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಿ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರಿನಲ್ಲಿ ಗದ್ದೆ ಬಿಟ್ಟ ಶಾಸನಗಳು ಹಳೆ ಮೈಸೂರು ಸೀಮೆಯಲ್ಲಿ ಬೇಕಾದಷ್ಟಿವೆ. ಆ ಜಮೀನು ಮುಂದೆ ಯಾರ ಕೈಯಲ್ಲಿ ಉಳಿಯಿತು? ಬ್ರಿಟಿಷರ ಕಾಲದ ಇನಾಂ ದಾಖಲೆಯಲ್ಲಿ ಅದರ ಗುರುತು ಇದೆಯೇ? 1950ರ ದಶಕದಲ್ಲಿ ಇನಾಂ ರದ್ದಾದಾಗ ಕೆರೆ ನೋಡಿಕೊಳ್ಳುವ ಹೊಣೆ ಯಾರ ತಲೆಗೆ ಬಂತು? ಈ ಪ್ರಶ್ನೆ ಹಿಡಿದವಳಿಗೆ ಯಾವ ಊರಿಗೆ ಹೋಗಬೇಕು, ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಪ್ರಶ್ನೆ ಗಟ್ಟಿಯೋ ಜೊಳ್ಳೋ ಎಂದು ತಿಳಿಯಲು ನಾನು ಒಂದೇ ಪರೀಕ್ಷೆ ಇಟ್ಟಿದ್ದೇನೆ. ಅದಕ್ಕೆ ನಿಮಗೆ ಬೇಡವಾದ ಉತ್ತರ ಸಿಗುವ ಸಾಧ್ಯತೆ ಇದೆಯೇ? ಇದ್ದರೆ ಅದು ಪ್ರಶ್ನೆ. ಉತ್ತರ ಮೊದಲೇ ಗೊತ್ತಿದ್ದರೆ ಅದು ಭಾಷಣ.

3. ಮೊದಲು ಹಳೆಯ ಥೀಸಿಸ್‌ಗಳನ್ನು ಓದಿ, ಹಿಂದಿನಿಂದ ಮುಂದಕ್ಕೆ

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಪುಕ್ಕಟೆಯಾಗಿ ಸಿಗುತ್ತವೆ. ಪ್ರವೇಶಕ್ಕೆ ಕಾಯುವ ತಿಂಗಳುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕೈದನ್ನು ಇಳಿಸಿಕೊಳ್ಳಿ. ಮೊದಲು ಗ್ರಂಥಋಣ ನೋಡಿ, ಆಮೇಲೆ ಅಡಿಟಿಪ್ಪಣಿ, ಆಮೇಲೆ ಸಮಾರೋಪ. ಎಲ್ಲರೂ ಬಳಸಿದ ಆಕರ ಯಾವುದು, ಹೆಸರು ಮಾತ್ರ ಹೇಳಿ ಯಾರೂ ತೆರೆಯದ ಆಕರ ಯಾವುದು ಎಂದು ಎರಡು ಪಟ್ಟಿ ಮಾಡಿ. ಎರಡನೇ ಪಟ್ಟಿಯಲ್ಲೇ ನಿಮ್ಮ ಜಾಗ ಇರುತ್ತದೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹೆಸರಿಲ್ಲದ ಇತಿಹಾಸದ ಥೀಸಿಸ್ ನಮ್ಮಲ್ಲಿ ಕಡಿಮೆ. ಆದರೆ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ಪುಟ ತಿರುವಿ ನೋಡಿದವರು ಎಷ್ಟು ಜನ? ಮೆಕೆಂಜಿ ಕಾಲದ ಕೈಫಿಯತ್ತುಗಳು, ಅಂದರೆ ಊರೂರಿನ ವೃತ್ತಾಂತಗಳು, ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂದಿವೆ. ಅವನ್ನು ತಮ್ಮ ತಾಲ್ಲೂಕಿನ ಮಟ್ಟಿಗಾದರೂ ಪೂರ್ತಿ ಓದಿದವರು ಎಷ್ಟು ಜನ?

4. ಗೈಡ್ ಆಯ್ಕೆಗೆ ಹೆಸರಿಗಿಂತ ಬಿಡುವು ಮುಖ್ಯ

ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಆದ್ದರಿಂದ ‘ಸರ್, ನಿಮ್ಮ ಹತ್ರ ಸೀಟ್ ಇದೆಯಾ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದಷ್ಟನ್ನೇ ಕೇಳಿ ಹೋದವರ ಮುಖ ಯಾರಿಗೂ ನೆನಪಿರುವುದಿಲ್ಲ. ಒಂದೇ ಒಂದು ಪುಟ ಬರೆದು ತನ್ನಿ: ಪ್ರಶ್ನೆ ಏನು, ಆಕರ ಎಲ್ಲಿದೆ, ಹಿಂದೆ ಯಾರು ಎಲ್ಲಿಯವರೆಗೆ ಬಂದು ನಿಂತಿದ್ದಾರೆ. ಆ ಪುಟ ನೋಡಿದವರು ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ.

ನೀವೂ ವಿಚಾರಿಸಿಕೊಳ್ಳಬೇಕು. ಅವರ ಈಗಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಸಿಕ್ಕು ಕೇಳಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಬಂದಾಗ ಅಂಚಿನಲ್ಲಿ ಗುರುತು ಇರುತ್ತದೆಯೇ, ಬರೀ ‘ಚೆನ್ನಾಗಿದೆ’ ಎಂದಿರುತ್ತದೆಯೇ? ವಿದ್ಯಾರ್ಥಿ ಬರೆದ ಲೇಖನದಲ್ಲಿ ಯಾರ ಹೆಸರು ಮೊದಲು ಬರುತ್ತದೆ? ಅವರ ಬಳಿ ಮುಗಿಸಿದವರು ಈಗ ಎಲ್ಲಿದ್ದಾರೆ? ವೇದಿಕೆ ಮೇಲೆ ದಿನಾ ಕಾಣುವ ದೊಡ್ಡ ಹೆಸರಿಗಿಂತ, ಇಲಾಖೆಯಲ್ಲಿ ಕೂತು ಓದುವ, ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಮೇಡಂ ನಿಮ್ಮ ಐದು ವರ್ಷಕ್ಕೆ ಎಷ್ಟೋ ವಾಸಿ.

ಗೈಡ್ ಮೇಲೆ ಗೌರವವಿರಲಿ. ಮನೆಯ ಕರೆಂಟ್ ಬಿಲ್ ಕಟ್ಟುವುದು, ಮಕ್ಕಳನ್ನು ಸ್ಕೂಲಿನಿಂದ ಕರೆತರುವುದು ಆ ಗೌರವದಲ್ಲಿ ಸೇರಿಲ್ಲ. ಮೊದಲ ಸಲವೇ ‘ಇವತ್ತು ಪತ್ರಾಗಾರಕ್ಕೆ ಹೋಗ್ಬೇಕಿತ್ತು ಸರ್’ ಎಂದು ನಯವಾಗಿ ಹೇಳಿಬಿಟ್ಟರೆ ಎರಡನೇ ಸಲ ಕೇಳುವವರು ಕಡಿಮೆ.

5. ಸಮಿತಿಯ ಸಭೆ ನಿಮ್ಮ ಪರವಾಗಿರುವ ಏರ್ಪಾಡು

ಈಗಿನ ನಿಯಮದಲ್ಲಿ ಪ್ರತಿ ಸೆಮಿಸ್ಟರಿಗೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಇದನ್ನು ಹುಡುಗರು ವೈರಿಯಂತೆ ನೋಡುತ್ತಾರೆ. ನಿಜ ಹೇಳಬೇಕೆಂದರೆ ಗೈಡ್ ಅಲ್ಲದ ಇನ್ನಿಬ್ಬರು ನಿಮ್ಮ ಕೆಲಸ ಓದುವ ಸಂದರ್ಭ ಇದೊಂದೇ. ಸಭೆಗೆ ಒಂದು ವಾರ ಮೊದಲೇ ಬರಹ ಕಳಿಸಿ. ಸಭೆಯಲ್ಲಿ ಬಂದ ಸಲಹೆಗಳನ್ನು ಅವತ್ತೇ ಸಂಜೆ ಬರೆದು, ತಾರೀಖು ಹಾಕಿ, ಎಲ್ಲ ಸದಸ್ಯರಿಗೂ ಕಳಿಸಿಬಿಡಿ. ಎರಡು ವರ್ಷದ ಮೇಲೆ ‘ನಾನು ಹೀಗೆ ಹೇಳಿರಲಿಲ್ಲ’ ಎಂಬ ಮಾತು ಬಂದಾಗ ಆ ಪುಟವೇ ನಿಮ್ಮ ಸಾಕ್ಷಿ.

6. ದುಡ್ಡಿನ ಲೆಕ್ಕ ಮೊದಲೇ ಹಾಕಿ

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಕಂತು ತಿಂಗಳು ತಿಂಗಳು ತಪ್ಪದೆ ಬರುತ್ತದೆ ಎಂದು ನಂಬಿ ರೂಮಿನ ಅಡ್ವಾನ್ಸ್ ಕೊಡಬೇಡಿ. ಹಾಜರಾತಿಯ ದೃಢೀಕರಣ ಒಂದು ತಿಂಗಳು ಮೇಲಕ್ಕೆ ಹೋಗದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಮೊದಲ ದೊಡ್ಡ ಬಾಕಿ ಒಟ್ಟಿಗೆ ಬಂದಾಗ ಬೈಕ್ ಕೊಳ್ಳುವ ಬದಲು ಆರು ತಿಂಗಳ ಊಟ-ಬಾಡಿಗೆಯನ್ನು ಬೇರೆ ಇಡಿ. ಜೆಆರ್‌ಎಫ್ ಸಿಗದವರು ಅಲ್ಲಿಗೇ ಕೈಚೆಲ್ಲಬೇಕಿಲ್ಲ. ಸಮಾಜವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್, ಇತಿಹಾಸದವರಿಗೆ ಐಸಿಎಚ್‌ಆರ್ ಇವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ.

ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಮಾತು: ಪಿಎಚ್‌.ಡಿ. ಅವಧಿಯಲ್ಲಿ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ, ಗರಿಷ್ಠ ಅವಧಿಯಲ್ಲಿ ಎರಡು ವರ್ಷದ ಹೆಚ್ಚುವರಿ ಸಡಿಲಿಕೆಯೂ ಇದೆ. ಇದನ್ನು ಯಾರೂ ನಿಮ್ಮನ್ನು ಕರೆದು ಹೇಳುವುದಿಲ್ಲ. ನೀವೇ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು.

7. ಕಲ್ಲಿನ ಹತ್ತಿರ ಹೋಗಿ

ಶಾಸನದ ಅಚ್ಚಾದ ಪಾಠವನ್ನು ನಂಬಿ ಮನೆಯಲ್ಲೇ ಕೂತು ಬರೆದ ಅಧ್ಯಾಯಕ್ಕೂ ಕಲ್ಲಿನ ಮುಂದೆ ಕೂತು ಬಂದವರ ಅಧ್ಯಾಯಕ್ಕೂ ಒಂದೇ ಪುಟದಲ್ಲಿ ವ್ಯತ್ಯಾಸ ಕಾಣುತ್ತದೆ.

ಕೆರೆಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿನಿ ಎಂದೇ ಇಟ್ಟುಕೊಳ್ಳಿ. ರೈಸ್ ಅವರ ಕೋಲಾರ ಸಂಪುಟ ಬಂದದ್ದು 1905ರಲ್ಲಿ. ಅದರಲ್ಲಿರುವ ಚಿಕ್ಕಬಳ್ಳಾಪುರದ ಶಾಸನಗಳು ಇಂದು ಕೋಲಾರ ಜಿಲ್ಲೆಯಲ್ಲಿಲ್ಲ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಹಾಗಾಗಿ ಸಂಪುಟದ ಸಂಖ್ಯೆಯ ಜೊತೆಗೆ ಈಗಿನ ಗ್ರಾಮ, ಹೋಬಳಿ, ತಾಲ್ಲೂಕನ್ನೂ ಬರೆದುಕೊಳ್ಳದಿದ್ದರೆ ಮುಂದೆ ನಿಮಗೇ ಗೊಂದಲ. ಊರಿಗೆ ಹೋದರೆ ಕಲ್ಲು ಹೇಳಿದ ಜಾಗದಲ್ಲಿ ಇರುತ್ತದೆ ಎಂಬ ಭರವಸೆಯೂ ಇಲ್ಲ. ಅದು ತೂಬಿನ ಪಕ್ಕದಿಂದ ದೇವಸ್ಥಾನದ ಅಂಗಳಕ್ಕೆ ಬಂದಿರಬಹುದು, ಮೋರಿಗೆ ಚಪ್ಪಡಿಯಾಗಿ ಹೋಗಿರಬಹುದು, ಇಲ್ಲವೇ ಅರ್ಧ ಮಣ್ಣಿನಲ್ಲಿ ಹೂತಿರಬಹುದು. ಪಂಚಾಯಿತಿ ಕಚೇರಿಗಿಂತ ಮೊದಲು ನೀರುಗಂಟಿಯ ಮನೆ ಕೇಳಿ. ಕೆರೆಯ ತೂಬು ಎತ್ತಿ ಇಳಿಸಿದ ಮನೆತನದವರಿಗೆ ಕಲ್ಲು ಯಾವಾಗ ಎಲ್ಲಿಗೆ ಸರಿಯಿತು ಎಂಬುದು ಗೊತ್ತಿರುತ್ತದೆ.

ಹೋಗುವುದು ಬೆಳಗಿನ ಎಂಟರ ಒಳಗೆ ಇಲ್ಲವೇ ಸಂಜೆ ಐದರ ಮೇಲೆ. ನಡುಹಗಲಿನ ನೆತ್ತಿ ಬಿಸಿಲಿಗೆ ಸವೆದ ಅಕ್ಷರ ಕಣ್ಣಿಗೇ ಬೀಳುವುದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಪ್ರತಿ ಗೀರಿಗೂ ಒಂದು ನೆರಳು ಹುಟ್ಟಿ ಸಾಲು ಎದ್ದು ಕಾಣುತ್ತದೆ. ಗುಡಿಯೊಳಗಿನ ಕಲ್ಲಾದರೆ ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಪಕ್ಕದಿಂದ ಹಿಡಿದು, ಎಡದಿಂದೊಮ್ಮೆ ಬಲದಿಂದೊಮ್ಮೆ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಸೀಮೆಸುಣ್ಣ ತುಂಬುವುದು, ಎಣ್ಣೆ ಬಳಿಯುವುದು, ತಂತಿ ಬ್ರಷ್‌ನಲ್ಲಿ ಉಜ್ಜುವುದು ಖಂಡಿತ ಕೂಡದು. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಜಾಗವಾದರೆ ಪಡಿಯಚ್ಚು ತೆಗೆಯಲು ಅನುಮತಿ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅವರ ಕೆಲಸ ನೋಡಿದರೆ, ಕಣ್ಣಿಗೆ ಸವೆದಂತೆ ಕಂಡ ಕಲ್ಲಿನಲ್ಲೂ ಎಷ್ಟು ಓದಬಹುದು ಎಂಬುದು ತಿಳಿಯುತ್ತದೆ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಗದ್ದೆಯ ಅಳತೆ ಶಾಸನದಲ್ಲಿ ಬಿತ್ತನೆಯ ಲೆಕ್ಕದಲ್ಲಿರುತ್ತದೆ: ಇಷ್ಟು ಖಂಡುಗ, ಇಷ್ಟು ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಸವೆದ ಕಡೆ ಒಂದು ಪದ ತಪ್ಪಾಗಿ ಓದಿದರೆ ನಿಮ್ಮ ಕೆರೆಗೆ ಬಿಟ್ಟ ಗದ್ದೆ ಇಪ್ಪತ್ತು ಪಟ್ಟು ಹಿಗ್ಗುತ್ತದೆ, ಅದರ ಮೇಲೆ ಕಟ್ಟಿದ ವಾದವೂ ಹಿಗ್ಗುತ್ತದೆ.

ಸಮಾಜಶಾಸ್ತ್ರದವರಿಗೆ ಮನೆಮನೆ ಸಮೀಕ್ಷೆಯ ಹಾಳೆ, ಸಾಹಿತ್ಯದವರಿಗೆ ಹಸ್ತಪ್ರತಿ, ಅರ್ಥಶಾಸ್ತ್ರದವರಿಗೆ ಕಚ್ಚಾ ಅಂಕಿಅಂಶ. ಕಲ್ಲು ಬೇರೆ, ನಿಯಮ ಒಂದೇ.

8. ಟಿಪ್ಪಣಿಯಲ್ಲಿ ಮೂರು ಬಣ್ಣ ಇಟ್ಟುಕೊಳ್ಳಿ

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಇಂಥ ತೊಂದರೆಗೆ ಸಿಕ್ಕಿದವರಲ್ಲಿ ಬೇಕೆಂದೇ ಕದ್ದವರು ಕಡಿಮೆ. ಮೂರು ವರ್ಷದ ಹಿಂದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಪುಸ್ತಕದ ಮಾತೋ ತಮ್ಮ ಮಾತೋ ಎಂಬುದು ಮರೆತುಹೋದವರೇ ಹೆಚ್ಚು. ಪುಸ್ತಕದ ಮಾತು ಇದ್ದಂತೆಯೇ ಒಂದು ಬಣ್ಣದಲ್ಲಿ, ಅದರ ಸಾರಾಂಶ ಇನ್ನೊಂದರಲ್ಲಿ, ನಿಮ್ಮ ಯೋಚನೆ ಮತ್ತೊಂದರಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆಯೂ ಪುಟಸಂಖ್ಯೆ ಇರಲಿ. ಪತ್ರಾಗಾರದಲ್ಲಾದರೆ ಪೆನ್ಸಿಲ್ ಒಯ್ಯಿರಿ, ಕಡತದ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.

9. ಮೊದಲ ದಿನದಿಂದಲೇ ಯೂನಿಕೋಡ್

ಕನ್ನಡದಲ್ಲಿ ಥೀಸಿಸ್ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲೇ ಟೈಪ್ ಮಾಡುವ ರೂಢಿ ಇದೆ. ಪ್ರಿಂಟಿನಲ್ಲಿ ಅಂದವಾಗಿಯೇ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಫೈಲಿನೊಳಗೆ ‘ಬಿತ್ತುವಟ್ಟ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೆ ಓದಲಾಗುವುದಿಲ್ಲ. ಶೋಧಗಂಗಾಕ್ಕೆ ಸೇರಿದ ಮೇಲೂ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಸಲ್ಲಿಸುವ ವಾರದಲ್ಲಿ ಪರಿವರ್ತಕ ಹಾಕಿ ಬದಲಾಯಿಸುತ್ತೇನೆ ಎಂದವರು ಒತ್ತಕ್ಷರ, ಅರ್ಕಾವತ್ತು, ಅಡಿಟಿಪ್ಪಣಿಯ ಸಂಖ್ಯೆಗಳನ್ನು ಒಂದೊಂದಾಗಿ ತಿದ್ದುತ್ತ ರಾತ್ರಿ ಕಳೆಯುತ್ತಾರೆ. ಟೈಪಿಂಗ್ ನೀವೇ ಕಲಿಯಿರಿ, ಯೂನಿಕೋಡಿನಲ್ಲೇ ಬರೆಯಿರಿ. ಫೈಲಿನ ಹೆಸರಿನಲ್ಲಿ ತಾರೀಖು ಇರಲಿ, ‘ಫೈನಲ್’, ‘ಫೈನಲ್ ಹೊಸದು’, ‘ನಿಜವಾದ ಫೈನಲ್’ ಬೇಡ. ಪ್ರತಿ ಶನಿವಾರ ಒಂದು ಪ್ರತಿ ಬೇರೆ ಕಡೆ ಇಡಿ.

ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಸಂಕೋಚ ಬೇಡ, ಇಂಗ್ಲಿಷಿನಲ್ಲಿ ಓದುವುದಕ್ಕೆ ಸೋಮಾರಿತನ ಬೇಡ. ವಾರಕ್ಕೊಂದು ಇಂಗ್ಲಿಷ್ ಲೇಖನ ಓದಿ ಅದರ ವಾದವನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಒಂದು ವರ್ಷದಲ್ಲಿ ಎರಡೂ ಭಾಷೆ ನಿಮ್ಮ ಕೈಗೆ ಬರುತ್ತವೆ.

10. ಪ್ರಕಟಣೆಗೆ ಆತುರ ಬೇಡ, ಜಾಗ ನೋಡಿ

2022ರ ನಿಯಮಾವಳಿ ಥೀಸಿಸ್ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಲೇಬೇಕು ಎಂಬ ಷರತ್ತನ್ನು ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಉಳಿಸಿಕೊಂಡಿದೆಯೇ ಎಂದು ಅಲ್ಲಿನ ನಿಯಮ ನೋಡಿ. ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಲಾಯಿತು, ಒಳ್ಳೆಯದು ಕೆಟ್ಟದ್ದು ತೂಗುವ ಹೊಣೆ ಈಗ ಸಂಸ್ಥೆಗಳ ಮೇಲೆ, ಬರೆಯುವವರ ಮೇಲೆ ಬಂದಿದೆ. ‘ಇಷ್ಟು ಸಾವಿರ ಕಳಿಸಿ, ಒಂದು ವಾರದಲ್ಲಿ ಪ್ರಕಟಿಸುತ್ತೇವೆ’ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬರ್ ಬ್ಲಾಕ್ ಮಾಡಿ. ಯಾರೂ ಓದದೆ ಅಚ್ಚಾದ ಲೇಖನ ಮುಂದೆ ಸಂದರ್ಶನದ ಮೇಜಿನ ಮೇಲೆ ನಿಮ್ಮ ವಿರುದ್ಧವೇ ಮಾತಾಡುತ್ತದೆ.

ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳ ಪರಂಪರೆಯೇ ಇದೆ: ಮೈಸೂರು ವಿಶ್ವವಿದ್ಯಾಲಯದ ಪ್ರಬುದ್ಧ ಕರ್ಣಾಟಕ, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ಕರ್ನಾಟಕ ಇತಿಹಾಸ ಅಕಾಡೆಮಿಯ ಇತಿಹಾಸ ದರ್ಶನ. ಅಕಾಡೆಮಿಯ ವಾರ್ಷಿಕ ಸಮ್ಮೇಳನದಂಥ ಕಡೆ ಸಣ್ಣ ಪ್ರಬಂಧ ಓದಿ ನೋಡಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಎದ್ದು ‘ಆ ಶಾಸನದ ಕಾಲ ಅದಲ್ಲಪ್ಪಾ’ ಎಂದರೆ ಕೆಲವು ತಿಂಗಳ ಅಡ್ಡದಾರಿ ಉಳಿಯಿತು ಅಂತಲೇ ಲೆಕ್ಕ.

11. ಅತಿಥಿ ಉಪನ್ಯಾಸಕರಾಗಿ, ಆದರೆ ಬೆಳಗಿನ ಹೊತ್ತು ಬಿಟ್ಟುಕೊಡಬೇಡಿ

ಕರ್ನಾಟಕದಲ್ಲಿ ಅಧ್ಯಾಪನದ ಬದುಕು ಹೆಚ್ಚಿನವರಿಗೆ ಶುರುವಾಗುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರಾಗಿ. ವಾರಕ್ಕೆ 15 ಗಂಟೆಯ ಪಾಠ, ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿಯಿತು. ಪಾಠದ ಅನುಭವ ಚೊಕ್ಕ ಚಿನ್ನ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರತಿ ವರ್ಷ ಕೌನ್ಸೆಲಿಂಗ್, ಪ್ರತಿ ವರ್ಷ ಬೇರೆ ಊರು, ದಿನಾ ಬಸ್ಸಿನಲ್ಲಿ ಮೂರು ಗಂಟೆ. ಇದರ ನಡುವೆ ಥೀಸಿಸ್ ಸದ್ದಿಲ್ಲದೆ ಮೂಲೆ ಸೇರುತ್ತದೆ. ಕಾಲೇಜಿಗೆ ಹೊರಡುವ ಮುಂಚಿನ ಒಂದು ಗಂಟೆ ಬರವಣಿಗೆಗೆ ಮೀಸಲಿಡಿ. ಅರ್ಧ ಪುಟವಾದರೂ ಆಗಲಿ. ಸಂಜೆಗೆ ಎಂದು ಮುಂದೂಡಿದ್ದು ಸಂಜೆಗೆ ಆಗುವುದಿಲ್ಲ.

ಬೋಧನಾ ಅನುಭವದ ಪ್ರಮಾಣಪತ್ರವನ್ನು ಸೆಮಿಸ್ಟರ್ ಮುಗಿದ ವಾರವೇ ಪ್ರಾಂಶುಪಾಲರಿಂದ ಪಡೆಯಿರಿ. ನಾಲ್ಕು ವರ್ಷದ ಮೇಲೆ ಹೋದರೆ ಅವರು ವರ್ಗವಾಗಿರುತ್ತಾರೆ, ಹಾಜರಿ ಪುಸ್ತಕ ಗೋದಾಮಿನಲ್ಲಿರುತ್ತದೆ. ಜಾತಿ ಪ್ರಮಾಣಪತ್ರ, ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರ, ಕೋರ್ಸ್‌ವರ್ಕ್ ಅಂಕಪಟ್ಟಿ, ನೋಂದಣಿ ಆದೇಶ, ಎಲ್ಲವೂ ಒಂದೇ ಕಡತದಲ್ಲಿರಲಿ. ಸರ್ಕಾರಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದಾಗ ಹಾಗೆ ಜೋಡಿಸಿಟ್ಟುಕೊಂಡವರು ನೆಮ್ಮದಿಯಾಗಿ ಪರೀಕ್ಷೆಗೆ ಓದಿದರು, ಉಳಿದವರು ನಾಡಕಚೇರಿಯ ಸಾಲಿನಲ್ಲಿ ನಿಂತರು. ಆ ನೇಮಕಾತಿಯಲ್ಲಿ ಐಚ್ಛಿಕ ವಿಷಯದ ಜೊತೆ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನದ ಪತ್ರಿಕೆಗಳೂ ಇದ್ದವು ಎಂಬುದು ನೆನಪಿರಲಿ.

ಇನ್ನೊಂದು ಮಾತು. 2023ರ ತಿದ್ದುಪಡಿಯ ನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಕಡ್ಡಾಯವಲ್ಲ. ಬರೀ ಕೆಲಸಕ್ಕಾಗಿ ಪಿಎಚ್‌.ಡಿ. ಮಾಡುವುದಾದರೆ ಮತ್ತೊಮ್ಮೆ ಯೋಚಿಸಿ. ನಿಮ್ಮ ಪ್ರಶ್ನೆ ನಿಮ್ಮನ್ನು ಬಿಡುತ್ತಿಲ್ಲ ಎನ್ನುವುದಾದರೆ ಮಾತ್ರ ಈ ದಾರಿಗೆ ಬನ್ನಿ.

12. ಸಲ್ಲಿಸುವ ಮೊದಲೇ ಮುಂದಿನ ಪ್ರಶ್ನೆ ಬರೆದಿಡಿ

ಥೀಸಿಸ್ ಸಲ್ಲಿಸಿದ ಮೇಲೆ ಕನಿಷ್ಠ ಇಬ್ಬರು ಹೊರ ಪರೀಕ್ಷಕರ ವರದಿ ಬರಬೇಕು, ಆಮೇಲೆ ವೈವಾ. ಈ ತಿಂಗಳುಗಳಲ್ಲಿ ಎಷ್ಟೋ ಜನ ಪರೀಕ್ಷಾಂಗ ವಿಭಾಗಕ್ಕೆ ಫೋನ್ ಮಾಡುವುದನ್ನೇ ಉದ್ಯೋಗ ಮಾಡಿಕೊಳ್ಳುತ್ತಾರೆ. ಗಟ್ಟಿಯಾದ ಒಂದು ಅಧ್ಯಾಯವನ್ನು ಲೇಖನವಾಗಿ ತಿದ್ದಲು ಇದೇ ಸರಿಯಾದ ಸಮಯ. ಥೀಸಿಸ್‌ನಲ್ಲಿ ‘ಇದನ್ನು ಮುಂದೆ ನೋಡಬೇಕು’ ಎಂದು ಅಡಿಟಿಪ್ಪಣಿಗೆ ತಳ್ಳಿದ ಕಡೆಗಳನ್ನೆಲ್ಲ ಒಟ್ಟು ಮಾಡಿ. ಅವುಗಳಲ್ಲಿ ಒಂದು ನಿಮ್ಮ ಮುಂದಿನ ಹತ್ತು ವರ್ಷದ ಕೆಲಸವಾಗಿರುತ್ತದೆ.

ಯಾಕೆಂದರೆ ಕಾಯಂ ನೌಕರಿ ಸಿಕ್ಕ ದಿನವೇ ಹೊಸಬರ ಮೇಲೆ ನ್ಯಾಕ್ ಕಡತ ಬರುತ್ತದೆ, ಎನ್‌ಎಸ್‌ಎಸ್ ಬರುತ್ತದೆ, ಪರೀಕ್ಷಾ ಮೇಲ್ವಿಚಾರಣೆ, ಚುನಾವಣಾ ಕರ್ತವ್ಯ ಬರುತ್ತವೆ. ಪಠ್ಯಕ್ರಮವೂ ನಿಂತಲ್ಲಿ ನಿಲ್ಲುವುದಿಲ್ಲ. ರಾಜ್ಯದಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಾಗ ಎಲ್ಲರೂ ನೋಟ್ಸ್ ಹೊಸದಾಗಿ ಬರೆಯಬೇಕಾಯಿತು. ಮೊದಲ ವರ್ಷ ಒಂದೇ ಒಂದು ಹೆಚ್ಚುವರಿ ಜವಾಬ್ದಾರಿ ಒಪ್ಪಿಕೊಳ್ಳಿ, ಅದನ್ನು ಚೆನ್ನಾಗಿ ಮಾಡಿ, ಉಳಿದದ್ದಕ್ಕೆ ‘ಮುಂದಿನ ವರ್ಷ ನೋಡೋಣ ಸರ್’ ಎನ್ನಿ. ವಾರದಲ್ಲಿ ಅರ್ಧ ದಿನವನ್ನು ವೇಳಾಪಟ್ಟಿಯಲ್ಲೇ ಗ್ರಂಥಾಲಯಕ್ಕೆ ಬರೆದುಬಿಡಿ. ಮುಂದಿನ ಪ್ರಶ್ನೆ ಕೈಯಲ್ಲಿದ್ದವರಿಗೆ ಆ ಅರ್ಧ ದಿನಕ್ಕೆ ಕೆಲಸವಿರುತ್ತದೆ. ಇಲ್ಲದವರ ಅರ್ಧ ದಿನವನ್ನು ಸ್ಟಾಫ್ ರೂಮಿನ ಹರಟೆಯೇ ತೆಗೆದುಕೊಳ್ಳುತ್ತದೆ, ಆಮೇಲೆ ಹೆಸರಿನ ಹಿಂದಿನ ‘ಡಾ.’ ಲೆಟರ್‌ಹೆಡ್ಡಿಗೆ ಮಾತ್ರ ಉಪಯೋಗ.